ಕಷಾಯ ಕಪ್ಪಗಾದ ಮಾತ್ರಕ್ಕೆ ಗುಣ ಬಂದಂತಲ್ಲ

ಕಷಾಯ ಎಷ್ಟು ಕಪ್ಪಗಿದ್ದರೆ, ಎಷ್ಟು ಕಹಿಯಾಗಿದ್ದರೆ ಅಷ್ಟು ಗುಣ ಎಂದು ನಂಬಿರುವವರು ಬಹಳ ಮಂದಿ. ಬಣ್ಣಕ್ಕೂ ಗುಣಕ್ಕೂ ಸಂಬಂಧವೇ ಇಲ್ಲವೆಂದಲ್ಲ. ಆದರೆ ಆ ಸಂಬಂಧ ನಾವು ಎಣಿಸಿದಷ್ಟು ನೇರವಾದದ್ದಲ್ಲ. ಪಾತ್ರೆಯ ನೀರು ಕಂದಾಗುವುದು ಹೆಚ್ಚಾಗಿ ಟ್ಯಾನಿನ್ ಎಂಬ ಒಗರು ಪದಾರ್ಥಗಳಿಂದ ಮತ್ತು ಅವು ಗಾಳಿಯ ಆಮ್ಲಜನಕದ ಜೊತೆ ಸೇರಿ ಇನ್ನಷ್ಟು ಕಪ್ಪಾಗುವುದರಿಂದ. ನಮಗೆ ಬೇಕಾದ ಪದಾರ್ಥಕ್ಕೆ ಬಣ್ಣವೇ ಇಲ್ಲದಿರಬಹುದು. ಅದು ಬೇರಿನೊಳಗಿಂದ ನೀರಿಗೆ ಇಳಿಯದೆ ಉಳಿದಿರಬಹುದು, ಇಳಿದು ಹಬೆಯ ಜೊತೆ ಹಾರಿಹೋಗಿರಬಹುದು, ಬಿಸಿಗೆ ಮುರಿದು ಬೇರೊಂದು ಪದಾರ್ಥವಾಗಿರಬಹುದು. ಇಷ್ಟೆಲ್ಲ ಆದರೂ ಕಷಾಯ ಕಪ್ಪಗೇ ಕಾಣುತ್ತದೆ.

ಕುದಿಸುವುದು ನೋಡುವುದಕ್ಕೆ ಒಂದೇ ಕೆಲಸ. ಪಾತ್ರೆಯೊಳಗೆ ಮಾತ್ರ ನಾಲ್ಕು ಕೆಲಸಗಳು ಒಟ್ಟೊಟ್ಟಿಗೆ ನಡೆಯುತ್ತಿರುತ್ತವೆ. ಗಿಡದ ಅಂಗಾಂಶ ಸಡಿಲವಾಗಿ ಒಳಗಿದ್ದದ್ದು ಹೊರಗೆ ಬರುತ್ತದೆ, ಆವಿಯಾಗಬಲ್ಲದ್ದು ಆವಿಯಾಗುತ್ತದೆ, ಬಿಸಿ ತಾಳದ್ದು ಮಾರ್ಪಡುತ್ತದೆ, ನೀರು ಬತ್ತಿ ಉಳಿದದ್ದು ಗಟ್ಟಿಯಾಗುತ್ತದೆ. ಕೈಯಲ್ಲಿರುವ ಗಿಡಕ್ಕೆ ಈ ನಾಲ್ಕರಲ್ಲಿ ಯಾವುದು ಬೇಕು, ಯಾವುದು ಬೇಡ ಎಂದು ಗೊತ್ತಿದ್ದರೆ ಉರಿ ಎಷ್ಟಿರಬೇಕು, ಎಷ್ಟು ಹೊತ್ತು ಕುದಿಯಬೇಕು, ಮುಚ್ಚಳ ಬೇಕೋ ಬೇಡವೋ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಸಿಕ್ಕಂತೆಯೇ.

ಒಳಗಿರುವುದು ಹೊರಬರುವ ಬಗೆ

ಗಿಡವು ತನ್ನ ರಾಸಾಯನಿಕಗಳನ್ನು ಎಲ್ಲೆಂದರಲ್ಲಿ ಇಟ್ಟುಕೊಳ್ಳುವುದಿಲ್ಲ. ಪುದೀನ, ತುಳಸಿಯಂಥ ಗಿಡಗಳಲ್ಲಿ ಪರಿಮಳದ ಎಣ್ಣೆ ಎಲೆಯ ಮೇಲ್ಮೈಯಲ್ಲೇ ಇರುವ ಪುಟ್ಟ ಗ್ರಂಥಿಗಳಲ್ಲಿ ತುಂಬಿರುತ್ತದೆ. ಎಲೆಯನ್ನು ಬೆರಳಲ್ಲಿ ತಿಕ್ಕಿದ ಕೂಡಲೇ ಘಮ ಬರುವುದು ಅದಕ್ಕಾಗಿಯೇ. ಗ್ರಂಥಿ ಒಡೆಯುವುದಕ್ಕೆ ಅಷ್ಟೇ ಸಾಕು. ಇಂಥ ಎಲೆಗೆ ಅರ್ಧ ಗಂಟೆಯ ಕುದಿತ ಶುದ್ಧ ದಂಡ. ಬೇರು, ತೊಗಟೆ, ಒಣಗಿದ ಕಾಯಿಗಳ ಕಥೆ ಬೇರೆ. ಅಲ್ಲಿ ಬೇಕಾದದ್ದು ಜೀವಕೋಶಗಳ ಒಳಗೆ, ದಪ್ಪನೆಯ ಭಿತ್ತಿಗಳ ಹಿಂದೆ ಸೇರಿಕೊಂಡಿರುತ್ತದೆ. ಆ ಭಿತ್ತಿಗಳಿಗೆ ಸೆಲ್ಯುಲೋಸ್, ಪೆಕ್ಟಿನ್‌ಗಳ ಜೊತೆಗೆ ಮರಕ್ಕೆ ಗಡಸುತನ ಕೊಡುವ ಲಿಗ್ನಿನ್ ಕೂಡ ಮೆತ್ತಿಕೊಂಡಿರುತ್ತದೆ.

ಬಿಸಿನೀರು ಈ ಕೋಟೆಯನ್ನು ಹಂತಹಂತವಾಗಿ ಸಡಿಲಿಸುತ್ತದೆ. ಒಣ ಬೇರು ಮೊದಲು ನೀರು ಹೀರಿ ಉಬ್ಬುತ್ತದೆ. ಸುಮಾರು 60 ಡಿಗ್ರಿ ದಾಟುವ ಹೊತ್ತಿಗೆ ಕೋಶದ ತೆಳು ಪೊರೆಗಳು ತಮ್ಮ ಹಿಡಿತ ಕಳೆದುಕೊಳ್ಳುತ್ತವೆ. ಕೋಶಗಳನ್ನು ಒಂದಕ್ಕೊಂದು ಅಂಟಿಸಿಟ್ಟಿರುವ ಪೆಕ್ಟಿನ್ ನಿಧಾನವಾಗಿ ಕರಗತೊಡಗುತ್ತದೆ. ಸೆಲ್ಯುಲೋಸ್ ಮತ್ತು ಲಿಗ್ನಿನ್ ಮಾತ್ರ ಕುದಿಯುವ ನೀರಿಗೆ ಜಗ್ಗುವುದಿಲ್ಲ. ಎಷ್ಟು ಕುದಿಸಿದರೂ ತೊಗಟೆ ತೊಗಟೆಯಾಗಿಯೇ ಉಳಿಯುವುದು ಇದರಿಂದ. ಆದರೂ ಒಳಗಿನ ಪದಾರ್ಥಕ್ಕೆ ಹೊರಬರುವ ದಾರಿಯಂತೂ ಸಿಕ್ಕಿರುತ್ತದೆ.

ದಾರಿ ಸಿಕ್ಕರೂ ನಡೆಯಬೇಕಾದ ದೂರ ಇದ್ದೇ ಇದೆ. ಕರಗಿದ ಪದಾರ್ಥ ಬೇರಿನ ಒಳಭಾಗದಿಂದ ಹೊರಗಿನ ನೀರಿಗೆ ಬರುವುದು ವಿಸರಣದ ಮೂಲಕ, ಅಂದರೆ ದಟ್ಟಣೆ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಅಣುಗಳು ತಾವಾಗಿಯೇ ಹರಡಿಕೊಳ್ಳುವುದರ ಮೂಲಕ. ಇದಕ್ಕೆ ಬೇಕಾಗುವ ಸಮಯ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. ತುಂಡಿನ ದಪ್ಪವನ್ನು ಅರ್ಧ ಮಾಡಿದರೆ ಸಮಯ ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಎಂಟು ಮಿಲಿಮೀಟರ್ ದಪ್ಪದ ಬೇರಿನ ತುಂಡಿಗೆ ಒಂದು ಗಂಟೆ ಬೇಕಾದರೆ ಎರಡು ಮಿಲಿಮೀಟರಿನ ಚೂರಿಗೆ ನಾಲ್ಕು ನಿಮಿಷದ ಆಸುಪಾಸು ಸಾಕು. ಕುಟ್ಟಾಣಿ ಮಾಡುವ ಕೆಲಸವನ್ನು ಒಲೆ ಎಂದೂ ಮಾಡಲಾರದು.

ಹಾಗಿದ್ದರೆ ಹಿಟ್ಟಿನ ಹಾಗೆ ಪುಡಿ ಮಾಡಿಬಿಟ್ಟರಾಯಿತಲ್ಲ ಎಂದು ಕೇಳಬಹುದು. ಅಲ್ಲೊಂದು ತೊಡಕಿದೆ. ಬೇರುಗಳಲ್ಲಿ ಪಿಷ್ಟ ಹೇರಳವಾಗಿರುತ್ತದೆ. ನುಣ್ಣನೆಯ ಪುಡಿಯಿಂದ ಅದು ಸುಲಭವಾಗಿ ನೀರಿಗೆ ಇಳಿದು, 60ರಿಂದ 75 ಡಿಗ್ರಿಯೊಳಗೆ ಉಬ್ಬಿ ಗಂಜಿಯಾಗುತ್ತದೆ. ಪುಡಿ ತಳಕ್ಕೆ ಕೂತು ಸೀಯುತ್ತದೆ. ಬಟ್ಟೆಯಲ್ಲಿ ಸೋಸಲು ಹೋದರೆ ರಂಧ್ರಗಳೆಲ್ಲ ಮುಚ್ಚಿಕೊಂಡು ಹನಿಯೂ ಇಳಿಯುವುದಿಲ್ಲ. ಕಷಾಯಕ್ಕೆ ತರಿತರಿಯಾಗಿ ಕುಟ್ಟಿದ ಪುಡಿಯೇ ಸರಿ ಎಂಬ ಹಳೆಯ ಸೂಚನೆಯ ಹಿಂದೆ ಈ ಲೆಕ್ಕವಿದೆ. ಬಿಸಿ ಮಾಡುವ ಮೊದಲು ಅರ್ಧ ಗಂಟೆ ತಣ್ಣೀರಿನಲ್ಲಿ ನೆನೆಸುವುದೂ ಅಷ್ಟೇ ಅರ್ಥಪೂರ್ಣ. ಒಣ ತುಂಡಿನೊಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ. ನೀರು ಒಳಹೊಕ್ಕು ಆ ಗಾಳಿಯನ್ನು ಹೊರಡಿಸಿದ ಮೇಲಷ್ಟೇ ಒಳಗಿನದು ಕರಗಲು ಶುರುವಾಗುತ್ತದೆ.

ನೀರಿಗೂ ಇಷ್ಟಾನಿಷ್ಟಗಳಿವೆ

ನೀರು ಎಲ್ಲವನ್ನೂ ಕರಗಿಸುವುದಿಲ್ಲ. ಅದರ ಅಣುವಿನ ಒಂದು ತುದಿಯಲ್ಲಿ ತುಸು ಋಣ ವಿದ್ಯುದಂಶ, ಇನ್ನೊಂದು ಕಡೆ ತುಸು ಧನ ವಿದ್ಯುದಂಶ ಇರುತ್ತದೆ. ಅದೇ ಸ್ವಭಾವದ ಅಣುಗಳನ್ನು ಅದು ಬೇಗ ಸೇರಿಸಿಕೊಳ್ಳುತ್ತದೆ: ಸಕ್ಕರೆಗಳು, ಲವಣಗಳು, ಸಾವಯವ ಆಮ್ಲಗಳು, ಟ್ಯಾನಿನ್‌ಗಳು, ಲೋಳೆಗಳು. ಸಕ್ಕರೆಯ ಅಣುವೊಂದು ಬಾಲದಂತೆ ಅಂಟಿಕೊಂಡಿರುವ ಗ್ಲೈಕೋಸೈಡ್‌ಗಳು ಕೂಡ ನೀರಿಗೆ ಚೆನ್ನಾಗಿ ಇಳಿಯುತ್ತವೆ. ವಿಲೋ ಮರದ ತೊಗಟೆಯ ಸ್ಯಾಲಿಸಿನ್, ಅತಿಮಧುರದ ಬೇರಿನ ಸಿಹಿಗೆ ಕಾರಣವಾದ ಗ್ಲಿಸಿರೈಝಿನ್ ಎರಡೂ ಈ ಗುಂಪಿನವು. ಎಣ್ಣೆ, ರಾಳ, ಮೇಣಗಳ ಜಾತಿಗೆ ಸೇರಿದ್ದನ್ನು ನೀರು ಹತ್ತಿರಕ್ಕೆ ಬಿಟ್ಟುಕೊಳ್ಳುವುದಿಲ್ಲ. ಅರಿಸಿನದ ಹಳದಿಗೆ ಕಾರಣವಾದ ಕರ್ಕ್ಯುಮಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಅರಿಸಿನ ಹಾಕಿ ಕುದಿಸಿದ ನೀರು ಗಾಢ ಹಳದಿಯಾಗಿ ಕಂಡರೂ ಲೋಟವನ್ನು ಸ್ವಲ್ಪ ಹೊತ್ತು ಹಾಗೆಯೇ ಇಟ್ಟು ನೋಡಿ: ಹಳದಿಯ ಬಹುಪಾಲು ತಳಕ್ಕಿಳಿದು ಗಸಿಯಾಗಿ ಕೂತಿರುತ್ತದೆ. ಅದು ಕರಗಿರಲಿಲ್ಲ, ತೇಲುತ್ತಿತ್ತು, ಅಷ್ಟೇ.

ಬಿಸಿ ಏರಿದಂತೆ ಕರಗುವ ಪ್ರಮಾಣವೂ ಏರುತ್ತದೆ, ಕೆಲವು ಸಲ ಬೆರಗಾಗುವಷ್ಟು. 25 ಡಿಗ್ರಿಯಲ್ಲಿ 100 ಮಿಲಿಲೀಟರ್ ನೀರು ಸುಮಾರು 2 ಗ್ರಾಂ ಕೆಫೀನನ್ನು ಮಾತ್ರ ಕರಗಿಸಿಕೊಳ್ಳುತ್ತದೆ. ಕುದಿಯುವ ನೀರು 60 ಗ್ರಾಮಿಗೂ ಹೆಚ್ಚು. ಚಹಾದ ಎಲೆಯಲ್ಲಿರುವ ಅಲ್ಪಸ್ವಲ್ಪ ಕೆಫೀನಿಗೆ ಇಷ್ಟೊಂದು ಸಾಮರ್ಥ್ಯ ಬೇಕಾಗಿಯೇ ಇಲ್ಲ. ಅದರ ಬಹುಪಾಲು ಮೊದಲ ಕೆಲವು ನಿಮಿಷಗಳಲ್ಲೇ ನೀರಿಗೆ ಬಂದುಬಿಡುತ್ತದೆ. ಆಮೇಲೂ ಕುದಿಸುತ್ತ ಹೋದರೆ ಹೆಚ್ಚುವುದು ಮುಖ್ಯವಾಗಿ ಟ್ಯಾನಿನ್. ಟ್ಯಾನಿನ್ ಬಾಯಿಗೆ ಹೋದಾಗ ಲಾಲಾರಸದ ಪ್ರೋಟೀನ್‌ಗಳನ್ನು ಹಿಡಿದು ಗಟ್ಟಿ ಮಾಡುತ್ತದೆ. ಜಾರುತ್ತಿದ್ದ ನಾಲಗೆ ಒಣಗಿ ಹಿಡಿದಂತಾಗುತ್ತದೆ. ಇದನ್ನೇ ನಾವು ಒಗರು ಎನ್ನುತ್ತೇವೆ, ಮತ್ತು ಬಹಳ ಸಲ ಇದನ್ನೇ ‘ಸ್ಟ್ರಾಂಗ್’ ಎಂದು ತಪ್ಪಾಗಿ ತಿಳಿಯುತ್ತೇವೆ.

ನೀರಿನ ಆಮ್ಲೀಯತೆಯೂ ಆಟ ಬದಲಿಸುತ್ತದೆ. ಕ್ವಿನೈನ್, ಮಾರ್ಫಿನ್‌ಗಳಂಥ ಆಲ್ಕಲಾಯ್ಡ್‌ಗಳು ಪ್ರತ್ಯಾಮ್ಲ ಗುಣದವು. ಬಿಡಿಯಾಗಿದ್ದಾಗ ಅವು ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ. ಆಮ್ಲ ಸಿಕ್ಕರೆ ಲವಣಗಳಾಗಿ ಸುಲಭವಾಗಿ ಕರಗುತ್ತವೆ. ಸಿಂಕೋನಾ ತೊಗಟೆಯನ್ನು ಬರಿ ನೀರಿನಲ್ಲಿ ಕುದಿಸುವುದಕ್ಕಿಂತ ತುಸು ಹುಳಿ ಸೇರಿಸಿ ಕುದಿಸಿದರೆ ಹೆಚ್ಚು ಕ್ವಿನೈನ್ ಬರುತ್ತದೆ. ಒಂದು ಹನಿ ನಿಂಬೆರಸ ಇಲ್ಲಿ ರುಚಿಗಾಗಿ ಅಲ್ಲ, ರಸಾಯನಶಾಸ್ತ್ರಕ್ಕಾಗಿ.

ಇನ್ನೊಂದು ಮಾತು. ಪುಸ್ತಕದಲ್ಲಿ ‘ನೀರಿನಲ್ಲಿ ಕರಗದು’ ಎಂದು ಬರೆದಿರುವುದು ಶುದ್ಧ ಪದಾರ್ಥ ಮತ್ತು ಶುದ್ಧ ನೀರಿನ ವಿಚಾರ. ಕಷಾಯ ಶುದ್ಧ ನೀರಲ್ಲ. ಕುದಿಯುವಾಗ ಪಾತ್ರೆಯ ಅಂಚಿಗೆ ಬಿಳಿ ನೊರೆ ಕಟ್ಟಿ, ಉರಿ ತಗ್ಗಿಸಿದ ಮೇಲೂ ಬೇಗ ಒಡೆಯದೆ ನಿಂತರೆ ಸಪೋನಿನ್ ಎಂಬ ಸೋಪಿನ ಗುಣದ ಪದಾರ್ಥ ಅಲ್ಲಿರುವ ಸಾಧ್ಯತೆ ಹೆಚ್ಚು. ಅಂಟುವಾಳದ ಕಾಯಿ ನೊರೆ ಕೊಡುವುದು ಇದರಿಂದಲೇ. ಸಪೋನಿನ್‌ಗಳು ಎಣ್ಣೆಯ ಜಾತಿಯ ಅಣುಗಳನ್ನು ಸುತ್ತುವರಿದು ಒಂದಿಷ್ಟನ್ನು ನೀರಿನೊಳಗೆ ಎಳೆದು ತರಬಲ್ಲವು. ಹಲವು ಗಿಡಗಳನ್ನು ಒಟ್ಟಿಗೆ ಕುದಿಸಿದಾಗ ಬರುವ ಫಲಿತಾಂಶವು ಬೇರೆಬೇರೆಯಾಗಿ ಕುದಿಸಿ ಬೆರೆಸಿದ್ದರಂತೆಯೇ ಇರಬೇಕಾಗಿಲ್ಲ ಎಂಬುದಕ್ಕೆ ಇದೂ ಒಂದು ಕಾರಣ.

ಘಮ ಬಂತೆಂದರೆ ಹೋಯಿತೆಂದೇ ಅರ್ಥ

ಲವಂಗದ ಯೂಜಿನಾಲ್ ಕುದಿಯುವುದು ಸುಮಾರು 254 ಡಿಗ್ರಿಯಲ್ಲಿ. ಚಕ್ಕೆಯ ಸಿನಮಾಲ್ಡಿಹೈಡ್ ಸುಮಾರು 248ರಲ್ಲಿ. ಪುದೀನದ ಮೆಂಥಾಲ್ 212ರಲ್ಲಿ. ನೀರು 100ಕ್ಕಿಂತ ಮೇಲೇರುವುದಿಲ್ಲ. ಅಂದಮೇಲೆ ಈ ಎಣ್ಣೆಗಳು ಪಾತ್ರೆಯಲ್ಲೇ ಭದ್ರವಾಗಿರಬೇಕಲ್ಲವೇ? ಇರುವುದಿಲ್ಲ. ಮನೆಯೆಲ್ಲ ಘಮಘಮಿಸುವುದೇ ಅದಕ್ಕೆ ಸಾಕ್ಷಿ.

ಇದರ ಗುಟ್ಟು ಹೀಗಿದೆ. ದ್ರವವೊಂದರ ಆವಿಯ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕೆ ಸಮನಾದಾಗ ಅದು ಕುದಿಯುತ್ತದೆ. ಒಂದರಲ್ಲೊಂದು ಬೆರೆಯದ ಎರಡು ದ್ರವಗಳು ಜೊತೆಗಿದ್ದರೆ ಇಬ್ಬರ ಆವಿಯ ಒತ್ತಡವೂ ಕೂಡಿ ಲೆಕ್ಕಕ್ಕೆ ಬರುತ್ತದೆ. ಎಣ್ಣೆಯ ಪಾಲು ಅದರಲ್ಲಿ ತೀರಾ ಸಣ್ಣದೇ ಇರಬಹುದು, ಆದರೂ ಸೊನ್ನೆಯಲ್ಲ. ಹೀಗಾಗಿ ಎಣ್ಣೆ ಮತ್ತು ನೀರಿನ ಜೋಡಿ 100 ಡಿಗ್ರಿಗೂ ತುಸು ಕೆಳಗೇ ಕುದಿಯತೊಡಗುತ್ತದೆ, ಮತ್ತು ಹೊರಹೊಮ್ಮುವ ಪ್ರತಿ ಗುಳ್ಳೆಯಲ್ಲೂ ನೀರಿನ ಆವಿಯ ಜೊತೆ ಎಣ್ಣೆಯ ಆವಿಯೂ ಸ್ವಲ್ಪ ಇರುತ್ತದೆ. ಸುಗಂಧ ತೈಲಗಳನ್ನು ಹಬೆಯಲ್ಲಿ ಬಟ್ಟಿ ಇಳಿಸುವ ಉದ್ಯಮ ನಿಂತಿರುವುದೇ ಈ ತತ್ತ್ವದ ಮೇಲೆ. ಅಲ್ಲಿ ಹಬೆಯನ್ನು ತಂಪುಗೊಳಿಸಿ ಎಣ್ಣೆಯನ್ನು ಹಿಡಿದುಕೊಳ್ಳುತ್ತಾರೆ. ತೆರೆದ ಪಾತ್ರೆಯಲ್ಲಿ ಕುದಿಸುವವರು ಅದೇ ಎಣ್ಣೆಯನ್ನು ಚಾವಣಿಗೆ ಕೊಟ್ಟು ನೀರನ್ನು ಕುಡಿಯುತ್ತಾರೆ.

ಆದ್ದರಿಂದ ಪರಿಮಳವೇ ಗುರಿಯಾದರೆ ಮುಚ್ಚಳ ಹಾಕಲೇಬೇಕು. ಹಬೆ ಮುಚ್ಚಳಕ್ಕೆ ತಾಗಿ ಹನಿಯಾಗುತ್ತದೆ. ಆ ಹನಿಯಲ್ಲಿ ಎಣ್ಣೆಯಿದೆ, ಅದನ್ನು ಸಿಂಕಿಗೆ ಚೆಲ್ಲದೆ ಪಾತ್ರೆಗೇ ಬಗ್ಗಿಸಬೇಕು. ಇನ್ನೂ ಉತ್ತಮ ದಾರಿಯೆಂದರೆ ಕುದಿಸುವುದನ್ನೇ ಬಿಡುವುದು: ಒಲೆ ಆರಿಸಿ, ಕುದಿದ ನೀರಿಗೆ ಎಲೆ ಹಾಕಿ ಮುಚ್ಚಿ ಹತ್ತು ನಿಮಿಷ ಬಿಡುವುದು.

ಕೊತಕೊತ ಕುದಿಸಿದರೆ ಬೇಗ ಆಗುತ್ತದೆ ಎಂಬ ಭ್ರಮೆಯನ್ನೂ ಇಲ್ಲೇ ಬಿಡಿಸಿಬಿಡೋಣ. ದೊಡ್ಡ ಉರಿಯಲ್ಲಿ ಉಕ್ಕುತ್ತಿರುವ ನೀರಿನ ತಾಪವೂ ಸಣ್ಣ ಉರಿಯಲ್ಲಿ ಮೆಲ್ಲಗೆ ಮರಳುತ್ತಿರುವ ನೀರಿನ ತಾಪವೂ ಹೆಚ್ಚುಕಡಿಮೆ ಒಂದೇ. ಹೆಚ್ಚುವರಿ ಉರಿಯಿಂದ ನೀರು ಬೇಗ ಆವಿಯಾಗುತ್ತದೆ, ಎಣ್ಣೆ ಬೇಗ ಹಾರುತ್ತದೆ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು ಸುಮಾರು 315 ಕಿಲೋಜೂಲ್ ಶಾಖ ಬೇಕು. ಅಷ್ಟೇ ನೀರನ್ನು ಪೂರ್ತಿ ಆವಿ ಮಾಡಲು ಸುಮಾರು 2,260 ಕಿಲೋಜೂಲ್. ಏಳು ಪಟ್ಟು! ಎತ್ತರದ ಜಾಗಗಳಲ್ಲಿ ಲೆಕ್ಕ ಇನ್ನೊಂದು ಬಗೆ: ಪ್ರತಿ 300 ಮೀಟರ್ ಏರಿದಂತೆ ಕುದಿಬಿಂದು ಸುಮಾರು ಒಂದು ಡಿಗ್ರಿ ಇಳಿಯುತ್ತದೆ. 3,000 ಮೀಟರ್ ಎತ್ತರದಲ್ಲಿ ನೀರು 90 ಡಿಗ್ರಿಗೇ ಕುದಿಯುವುದರಿಂದ ಗಟ್ಟಿ ಬೇರಿಗೆ ಹೆಚ್ಚು ಹೊತ್ತು ಕೊಡಬೇಕಾಗುತ್ತದೆ.

ಬಿಸಿ ಕೆಡಿಸುತ್ತದೆ, ಕೆಲವೊಮ್ಮೆ ಅದೇ ಕಾಪಾಡುತ್ತದೆ

ಹಸಿ ಶುಂಠಿಯ ಖಾರಕ್ಕೆ ಕಾರಣ ಜಿಂಜೆರಾಲ್. ಒಣಗಿಸಿದಾಗ ಅಥವಾ ಬಹಳ ಹೊತ್ತು ಕಾಯಿಸಿದಾಗ ಅದರ ಅಣುವಿನಿಂದ ನೀರಿನ ಭಾಗವೊಂದು ಕಳಚಿ ಅದು ಶೋಗಾವಾಲ್ ಆಗುತ್ತದೆ. ಶೋಗಾವಾಲ್ ಇನ್ನೂ ಖಾರ. ಹಸಿ ಶುಂಠಿಗೂ ಒಣಶುಂಠಿಗೂ ಗಂಟಲಲ್ಲಿ ಗೊತ್ತಾಗುವ ವ್ಯತ್ಯಾಸ ಬರಿ ನೀರಿನಂಶದ್ದಲ್ಲ. ಎರಡರಲ್ಲಿರುವ ಪದಾರ್ಥಗಳ ಪ್ರಮಾಣವೇ ಬೇರೆ.

ವತ್ಸನಾಭಿಯದು ಇನ್ನೂ ತೀವ್ರವಾದ ಪ್ರಕರಣ. ಆ ಗಡ್ಡೆಯಲ್ಲಿರುವ ಅಕೋನಿಟೈನ್ ಹೃದಯದ ಬಡಿತವನ್ನೇ ತಪ್ಪಿಸಿ ಕೊಲ್ಲಬಲ್ಲ ವಿಷ. ನೀರಿನಲ್ಲಿ ದೀರ್ಘಕಾಲ ಕುದಿಸಿದರೆ ಅದರ ಅಣು ಎರಡು ಹಂತಗಳಲ್ಲಿ ಒಡೆಯುತ್ತದೆ: ಮೊದಲು ಬೆಂಝಾಯಿಲ್‌ಅಕೋನೈನ್, ಆಮೇಲೆ ಅಕೋನೈನ್. ಒಂದೊಂದು ಹಂತದಲ್ಲೂ ವಿಷದ ತೀವ್ರತೆ ಬಹುಪಾಲು ತಗ್ಗುತ್ತದೆ. ಚೀನಾದ ಸಾಂಪ್ರದಾಯಿಕ ವೈದ್ಯದಲ್ಲಿ ಈ ಗಡ್ಡೆಯನ್ನು ಉಳಿದ ದ್ರವ್ಯಗಳಿಗಿಂತ ಮೊದಲೇ ಹಾಕಿ ಬಹಳ ಹೊತ್ತು ಕುದಿಸಬೇಕೆಂಬ ನಿಯಮವಿರುವುದು ಇದಕ್ಕೇ. ಕುದಿತ ಸಾಲದೆ ಹೋದಾಗ ಜನ ಸತ್ತದ್ದೂ ಇದೆ. ಎಷ್ಟು ಕುದಿಸಿದರೆ ಸಾಕು ಎಂದು ನೋಡಿ, ಮೂಸಿ, ರುಚಿ ನೋಡಿ ತಿಳಿಯುವಂತಿಲ್ಲ; ಆದ್ದರಿಂದ ಇದು ಮನೆಯಲ್ಲಿ ಮಾಡಬಹುದಾದ ಪ್ರಯೋಗವಂತೂ ಅಲ್ಲವೇ ಅಲ್ಲ.

ಬಿಸಿ ಕೆಡಿಸುವುದಕ್ಕೆ ಜಗತ್ಪ್ರಸಿದ್ಧ ಉದಾಹರಣೆ ಆರ್ಟಿಮಿಸಿನಿನ್ ಎಂಬ ಮಲೇರಿಯಾ ಔಷಧ. ಮಲೇರಿಯಾಕ್ಕೆ ಹೊಸ ಔಷಧ ಹುಡುಕಲು ಚೀನಾ 1967ರಲ್ಲಿ ಗುಟ್ಟಿನ ಯೋಜನೆಯೊಂದನ್ನು ಆರಂಭಿಸಿತು. 1969ರಲ್ಲಿ ಅದರಲ್ಲಿ ಸೇರಿಕೊಂಡ ವಿಜ್ಞಾನಿ ತು ಯೂಯೂ ಹಳೆಯ ವೈದ್ಯ ಬರಹಗಳನ್ನೆಲ್ಲ ಜಾಲಾಡಿ, ನೂರಾರು ದ್ರವ್ಯಗಳ ಸಾರವನ್ನು ತಮ್ಮ ತಂಡದೊಂದಿಗೆ ಪರೀಕ್ಷಿಸಿದರು. ಛಿಂಗ್‌ಹಾವ್ ಎಂಬ ಗಿಡದ ಸಾರ ಒಂದು ಸಲ ಒಳ್ಳೆಯ ಫಲ ಕೊಟ್ಟಿತು. ಮತ್ತೆ ಮಾಡಿದಾಗ ಕೈಕೊಟ್ಟಿತು. ಅವರು ಮತ್ತೆ ಗ್ರಂಥಗಳತ್ತ ತಿರುಗಿದರು. 4ನೇ ಶತಮಾನದ ವೈದ್ಯ ಗೆ ಹಾಂಗ್ ಬರೆದಿಟ್ಟಿದ್ದ ವಿಧಾನದಲ್ಲಿ ಕುದಿಸುವ ಮಾತೇ ಇರಲಿಲ್ಲ. ಒಂದು ಹಿಡಿ ಗಿಡವನ್ನು ನೀರಿನಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಬೇಕು ಎಂದಿತ್ತು. ಹಾಗಿದ್ದರೆ ಕಾಯಿಸುವಾಗಲೇ ಗುಣ ನಾಶವಾಗುತ್ತಿರಬಹುದೇ? ಸುಮಾರು 35 ಡಿಗ್ರಿಗೇ ಕುದಿಯುವ ಈಥರ್ ದ್ರಾವಕವನ್ನು ಬಳಸಿ ಅವರು ತಂಪಾಗಿಯೇ ಸಾರ ತೆಗೆದರು. 1971ರ ಅಕ್ಟೋಬರ್‌ನಲ್ಲಿ ಪರೀಕ್ಷಿಸಿದ 191ನೇ ಸಂಖ್ಯೆಯ ಮಾದರಿ ಇಲಿಗಳಲ್ಲಿದ್ದ ಮಲೇರಿಯಾ ಪರೋಪಜೀವಿಗಳನ್ನು ಪೂರ್ತಿಯಾಗಿ ಅಳಿಸಿಹಾಕಿತು. 2015ರಲ್ಲಿ ತು ಯೂಯೂ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಆ ಸಾರದಲ್ಲಿದ್ದ ಆರ್ಟಿಮಿಸಿನಿನ್‌ನ ಅಣುವಿನಲ್ಲಿ ಎರಡು ಆಮ್ಲಜನಕ ಪರಮಾಣುಗಳು ಒಂದಕ್ಕೊಂದು ಕೈಹಿಡಿದ ಪೆರಾಕ್ಸೈಡ್ ಬಂಧವೊಂದಿದೆ. ಪರೋಪಜೀವಿಯನ್ನು ಕೊಲ್ಲುವುದೂ ಅದೇ, ಅಣುವನ್ನು ನಾಜೂಕಾಗಿಸುವುದೂ ಅದೇ. ಮೇಲಾಗಿ ಅದು ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ. ಈ ಗಿಡದ ಚಹಾ ಕುಡಿದು ಮಲೇರಿಯಾ ವಾಸಿಮಾಡಿಕೊಳ್ಳಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸ್ಪಷ್ಟವಾಗಿ ಹೇಳಿತು: ಲೋಟದಿಂದ ಲೋಟಕ್ಕೆ ಪ್ರಮಾಣ ಬದಲಾಗುತ್ತದೆ, ರೋಗ ಗುಣವಾಗುವಷ್ಟು ಔಷಧ ದೇಹಕ್ಕೆ ಸೇರುವುದೂ ಇಲ್ಲ.

ಕುದಿಸಬೇಕಾದ್ದು ಯಾವುದು, ಕುದಿಸಬಾರದ್ದು ಯಾವುದು ಎಂಬ ವಿಂಗಡಣೆ ಆಯುರ್ವೇದದಲ್ಲಿ ಮೊದಲಿನಿಂದಲೂ ಇದೆ. ಹಸಿ ಗಿಡದ ರಸ ಹಿಂಡಿದರೆ ಸ್ವರಸ, ಅರೆದರೆ ಕಲ್ಕ, ಕುದಿಸಿದರೆ ಕ್ವಾಥ, ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿದರೆ ಹಿಮ, ಬಿಸಿನೀರು ಸುರಿದು ಸ್ವಲ್ಪ ಹೊತ್ತು ಬಿಟ್ಟು ಸೋಸಿದರೆ ಫಾಂಟ. ಐದು ವಿಧಾನಗಳನ್ನು ಬೇರೆಬೇರೆಯಾಗಿ ಹೆಸರಿಸಿದ್ದಾರೆಂದರೆ ಒಂದರ ಬದಲು ಇನ್ನೊಂದು ನಡೆಯದು ಎಂಬುದು ಅನುಭವದಿಂದ ಗೊತ್ತಾಗಿತ್ತು ಎಂದೇ ನಾನು ತಿಳಿಯುತ್ತೇನೆ. ಲೋಳೆಗಾಗಿ ಬಳಸುವ ಮಾರ್ಷ್‌ಮ್ಯಾಲೋ ಎಂಬ ಗಿಡದ ಬೇರನ್ನು ಯುರೋಪಿನ ಗಿಡಮೂಲಿಕೆ ಪದ್ಧತಿಯಲ್ಲಿ ತಣ್ಣೀರಿನಲ್ಲೇ ನೆನೆಸುತ್ತಾರೆ. ಲೋಳೆ ತಣ್ಣೀರಿಗೂ ಬರುತ್ತದೆ. ಬಿಸಿನೀರು ಹಾಕಿದರೆ ಪಿಷ್ಟವೂ ಜೊತೆಗೆ ಬಂದು ಅಂಟಾಗುತ್ತದೆ.

ಎಷ್ಟು ನೀರು, ಎಷ್ಟು ಬತ್ತಿಸಬೇಕು

ಕ್ವಾಥಕ್ಕೆ ಹಳೆಯ ಅಳತೆ ಹೀಗಿದೆ: ಮೃದುವಾದ ದ್ರವ್ಯಕ್ಕೆ ಅದರ ನಾಲ್ಕು ಪಟ್ಟು ನೀರು, ಗಟ್ಟಿಯಾದದ್ದಕ್ಕೆ ಎಂಟು ಪಟ್ಟು, ತೀರಾ ಗಟ್ಟಿಯಾದದ್ದಕ್ಕೆ ಹದಿನಾರು ಪಟ್ಟು. ಹದಿನಾರು ಪಟ್ಟು ನೀರು ಹಾಕಿ ಎಂಟನೇ ಒಂದು ಭಾಗಕ್ಕೆ ಇಳಿಸುವ ಕ್ರಮವೂ ಇದೆ. ಅಂದರೆ 50 ಗ್ರಾಂ ದ್ರವ್ಯಕ್ಕೆ 800 ಮಿಲಿಲೀಟರ್ ನೀರು, ಕೊನೆಗೆ ಉಳಿಯುವುದು 100. ಇಷ್ಟೊಂದು ನೀರು ಹಾಕಿ ಬತ್ತಿಸುವ ಬದಲು ಮೊದಲೇ 100 ಹಾಕಿದರೆ ಆಗದೇ? ಆಗದು. ಗಟ್ಟಿ ಬೇರಿಗೆ ದೀರ್ಘ ಕುದಿತ ಬೇಕು, ಅಷ್ಟು ಹೊತ್ತು ನೀರು ಉಳಿಯಬೇಕು. ಮೇಲಾಗಿ ಹೊರಗಿನ ನೀರು ತಿಳಿಯಾಗಿದ್ದಷ್ಟೂ ಒಳಗಿನದು ಹೊರಬರುವ ಸೆಳೆತ ಹೆಚ್ಚು. ನೀರು ಕಡಿಮೆಯಿದ್ದರೆ ಹೊರಗೂ ಒಳಗೂ ಬೇಗ ಸಮವಾಗಿಬಿಡುತ್ತದೆ. ಬಸ್ಸಿನೊಳಗೆ ಎಷ್ಟು ನೂಕುನುಗ್ಗಲಿದೆಯೋ ನಿಲ್ದಾಣದಲ್ಲೂ ಅಷ್ಟೇ ಇದ್ದರೆ ಇಳಿಯುವವರಿಗೆ ಜಾಗವೆಲ್ಲಿ?

ಒಂದು ವಿಷಯ ಮಾತ್ರ ಸ್ಪಷ್ಟವಾಗಿರಲಿ. ಬತ್ತಿಸುವುದರಿಂದಲೇ ಹೊಸದಾಗಿ ಏನೂ ಹುಟ್ಟುವುದಿಲ್ಲ. ಬರಬೇಕಾದ್ದೆಲ್ಲ ಬಂದಾದ ಮೇಲೆ ಪಾತ್ರೆಯಲ್ಲಿ ನೀರು ಕಡಿಮೆಯಾಗುತ್ತದೆ, ಅಷ್ಟೇ. ಒಂದು ಚಮಚಕ್ಕೆ ಸಿಗುವ ಪ್ರಮಾಣ ಹೆಚ್ಚುತ್ತದೆ. ಹಾರುವ ಗುಣದ್ದಾಗಿದ್ದರೆ ಒಟ್ಟು ಮೊತ್ತ ಕಡಿಮೆಯೂ ಆಗಿರುತ್ತದೆ.

ಹಿಪ್ಪೆಯಲ್ಲಿ ಉಳಿದುಹೋಗುವುದರ ಲೆಕ್ಕವನ್ನು ಯಾರೂ ಹಾಕುವುದಿಲ್ಲ. ಸೋಸಿದ ಮೇಲೆ ಹಿಪ್ಪೆ ಒಂದು ಲೋಟದಷ್ಟು ದ್ರವವನ್ನು ಹೀರಿಕೊಂಡೇ ಇರುತ್ತದೆ ಎಂದುಕೊಳ್ಳೋಣ. ಐದು ಲೋಟ ನೀರನ್ನು ಒಂದೇ ಸಲಕ್ಕೆ ಹಾಕಿ ಮುಚ್ಚಿ ಕುದಿಸಿದರೆ ಕೈಗೆ ನಾಲ್ಕು ಲೋಟ ಸಿಗುತ್ತದೆ. ಕರಗಿದ್ದರಲ್ಲಿ ಶೇಕಡಾ 80 ನಮಗೆ, 20 ಹಿಪ್ಪೆಗೆ. ಅದೇ ಐದು ಲೋಟವನ್ನು ಮೊದಲು ಮೂರು, ಆಮೇಲೆ ಎರಡು ಎಂದು ಒಡೆದು ಹಾಕಿ ನೋಡಿ. ಮೊದಲ ಸಲ ಎರಡು ಲೋಟ ಹೊರಬಂದು ಶೇಕಡಾ 67 ಸಿಗುತ್ತದೆ. ಹಿಪ್ಪೆಯಲ್ಲಿ ಉಳಿದ 33ಕ್ಕೆ ಹೊಸ ಎರಡು ಲೋಟ ಸೇರಿದಾಗ ಅದರಲ್ಲಿ 22 ಹೊರಬರುತ್ತದೆ. ಒಟ್ಟು 89. ನೀರು ಅಷ್ಟೇ, ಸಿಗುವ ಕಷಾಯವೂ ಅದೇ ನಾಲ್ಕು ಲೋಟ, ಸಾರ ಮಾತ್ರ ಹೆಚ್ಚು. ಚೀನೀ ಪದ್ಧತಿಯಲ್ಲಿ ಒಂದೇ ದ್ರವ್ಯವನ್ನು ಎರಡು ಸಲ ಕುದಿಸಿ ಎರಡನ್ನೂ ಬೆರೆಸುವ ರೂಢಿಗೆ ಗಣಿತದ ಬೆಂಬಲವಿದೆ. ಹಿಪ್ಪೆಯನ್ನು ಬಿಸಿಯಾಗಿರುವಾಗಲೇ ಚೆನ್ನಾಗಿ ಹಿಂಡಿದರೂ ಇದೇ ಲಾಭ.

ಹಲವು ದ್ರವ್ಯಗಳ ಕಷಾಯವಾದರೆ ಎಲ್ಲವನ್ನೂ ಒಟ್ಟಿಗೆ ಸುರಿಯಬಾರದು. ತೊಗಟೆ, ಬೇರು, ಒಣ ಕಾಯಿಗಳು ಮೊದಲು, ಬೀಜಗಳು ನಡುವೆ, ಎಲೆ, ಹೂವು, ಘಮವಿರುವ ಮಸಾಲೆಗಳು ಒಲೆ ಆರಿಸುವ ಹೊತ್ತಿಗೆ.

ಪಾತ್ರೆಯ ಬಗ್ಗೆ ಎರಡು ಮಾತು ಸಾಕು. ಅಳಲೆಕಾಯಿಯಂಥ ಟ್ಯಾನಿನ್ ತುಂಬಿದ ಕಾಯಿಯನ್ನು ಕಬ್ಬಿಣದ ಬಾಣಲೆಯಲ್ಲಿ ಕುದಿಸಿದರೆ ಸ್ವಲ್ಪ ಹೊತ್ತಿನಲ್ಲೇ ನೀರು ಕಂದು ದಾಟಿ ನೀಲಿಮಿಶ್ರಿತ ಕಪ್ಪಾಗುತ್ತದೆ. ಯುರೋಪಿನಲ್ಲಿ ಶತಮಾನಗಳ ಕಾಲ ದಸ್ತಾವೇಜುಗಳನ್ನು ಬರೆದ ಶಾಯಿ ತಯಾರಾಗುತ್ತಿದ್ದುದು ಇದೇ ಕ್ರಿಯೆಯಿಂದ: ಓಕ್ ಮರದ ಗಂಟುಗಳ ಟ್ಯಾನಿನ್ ಮತ್ತು ಕಬ್ಬಿಣದ ಲವಣ. ಕುಡಿಯಲು ಮಾಡಿದ್ದು ಬರೆಯಲು ಯೋಗ್ಯವಾದರೆ ಅದು ಪಾತ್ರೆಯ ದೋಷ. ತಾಮ್ರವು ಸಿ ಜೀವಸತ್ವದ ನಾಶವನ್ನು ವೇಗಗೊಳಿಸುತ್ತದೆ. ಹುಳಿ ಕಷಾಯಕ್ಕೆ ಅಲ್ಯೂಮಿನಿಯಂ ಕೂಡ ಸಲ್ಲದು. ಸ್ಟೀಲ್, ಗಾಜು, ಮಣ್ಣು ಸುರಕ್ಷಿತ.

ಲೋಟದೊಳಗೆ ಎಷ್ಟಿದೆ

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಕಷಾಯದಲ್ಲಿ ಔಷಧ ನಿಖರವಾಗಿ ಎಷ್ಟಿದೆ ಎಂದು ಹೇಳಲಾಗದು. ಮಣ್ಣು, ಋತು, ಗಿಡದ ವಯಸ್ಸು, ಒಣಗಿಸಿದ ರೀತಿ ಎಲ್ಲವೂ ಪ್ರಮಾಣವನ್ನು ಬದಲಿಸುತ್ತವೆ. ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ಫಾಕ್ಸ್‌ಗ್ಲವ್ ಗಿಡದ ಎಲೆಯನ್ನು ರೋಗಿಗಳಿಗೆ ಮೊದಲು ಕುದಿಸಿಯೇ ಕೊಡುತ್ತಿದ್ದರು. ಪರಿಣಾಮ ಒಂದೇ ಸಮನಾಗಿರಲಿಲ್ಲ. ಆಮೇಲೆ ಬಿಸಿನೀರಿನಲ್ಲಿ ನೆನೆಸಿ ಕೊಟ್ಟರು, ಕೊನೆಗೆ ಒಣ ಎಲೆಯ ಪುಡಿಗೆ ಬಂದರು. ಎಲೆಯನ್ನು ಗಿಡ ಹೂಬಿಡುವ ಕಾಲದಲ್ಲೇ ಕೀಳಬೇಕೆಂದೂ ನಿಯಮ ಮಾಡಿಕೊಂಡರು. 1785ರಲ್ಲಿ ಅವರು ಇದನ್ನೆಲ್ಲ ಪ್ರಕಟಿಸಿದರು. ಮದ್ದಿನ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ಕೂದಲೆಳೆಯ ಅಂತರವಿದ್ದ ಆ ಗಿಡದ ವಿಷಯದಲ್ಲಿ ಈ ಪರದಾಟ ಅನಿವಾರ್ಯವೇ ಆಗಿತ್ತು. ಮುಂದೆ ರಸಾಯನಶಾಸ್ತ್ರಜ್ಞರು ಗಿಡದಿಂದ ಒಂದೊಂದೇ ಪದಾರ್ಥವನ್ನು ಬೇರ್ಪಡಿಸತೊಡಗಿದರು: 1819ರಲ್ಲಿ ರುಂಗೆ ಕೆಫೀನನ್ನು, 1820ರಲ್ಲಿ ಪೆಲೆಟಿಯೇ ಮತ್ತು ಕಾವೆಂತು ಕ್ವಿನೈನನ್ನು, 1828ರಲ್ಲಿ ಬುಖ್ನರ್ ಸ್ಯಾಲಿಸಿನನ್ನು. ತೂಕ ಮಾಡಿ ಕೊಡಬಹುದಾದ ಔಷಧ ಸಾಧ್ಯವಾದದ್ದು ಆಗ.

ಗಿಡದಿಂದ ಬಂದದ್ದು ಎಂದ ಮಾತ್ರಕ್ಕೆ, ಕುದಿಸಿದ್ದು ಎಂದ ಮಾತ್ರಕ್ಕೆ ನಿರಪಾಯಕಾರಿ ಎಂಬ ಧೈರ್ಯ ನನಗಂತೂ ಇಲ್ಲ. ಅತಿಮಧುರದ ಗ್ಲಿಸಿರೈಝಿನ್ ನೀರಿಗೆ ಚೆನ್ನಾಗಿ ಇಳಿಯುತ್ತದೆಂದು ಮೇಲೆ ಹೇಳಿದೆನಲ್ಲ; ದಿನವೂ ಹೆಚ್ಚಾಗಿ ಕುಡಿದರೆ ಅದು ರಕ್ತದೊತ್ತಡ ಏರಿಸಿ ಪೊಟ್ಯಾಸಿಯಂ ಇಳಿಸುತ್ತದೆ. ಊಟದ ಜೊತೆ ಕುಡಿದ ಗಟ್ಟಿ ಟ್ಯಾನಿನ್ ಕಷಾಯ ಆಹಾರದ ಕಬ್ಬಿಣವನ್ನು ಹಿಡಿದಿಟ್ಟು ದೇಹಕ್ಕೆ ಸಿಗದಂತೆ ಮಾಡುತ್ತದೆ. ಈಶ್ವರಿ ಬಳ್ಳಿಯ ಕುಲದ ಗಿಡಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡವನ್ನು ಹಾಳುಮಾಡುವುದಲ್ಲದೆ ಕ್ಯಾನ್ಸರನ್ನೂ ತರುತ್ತದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಔಷಧದಲ್ಲಿ ಒಂದು ಗಿಡದ ಬದಲು ಈ ಕುಲದ ಗಿಡ ಸೇರಿಕೊಂಡು ಹಲವು ಮಹಿಳೆಯರ ಮೂತ್ರಪಿಂಡಗಳು ಕೆಟ್ಟವು. ಅಲ್ಲಿ ಬಳಸಿದ್ದು ಪುಡಿ. ಆದರೆ ಕುದಿಸಿದ್ದರೂ ಆ ವಿಷ ಹೋಗುತ್ತಿರಲಿಲ್ಲ. ಗಿಡದಲ್ಲಿ ಸೀಸ ಸೇರಿದ್ದರೆ ಅದನ್ನು ಎಷ್ಟು ಕುದಿಸಿದರೂ ಕಳೆಯಲಾಗದು. ನಿತ್ಯ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಹೊಸ ಕಷಾಯ ಶುರುಮಾಡುವ ಮೊದಲು ವೈದ್ಯರಿಗೆ ಗಿಡದ ಹೆಸರು ಹೇಳಿ ಕೇಳಬೇಕು. ‘ಏನೋ ಒಂದು ಕಷಾಯ’ ಎಂದರೆ ಅವರಿಗೂ ಏನೂ ತಿಳಿಯುವುದಿಲ್ಲ.

ಉಳಿದ ಕಷಾಯದ ಆಯುಸ್ಸು ಬಹಳ ಕಡಿಮೆ. ಸಕ್ಕರೆ, ಪಿಷ್ಟ, ಪ್ರೋಟೀನ್ ಬೆರೆತ ಬೆಚ್ಚಗಿನ ನೀರು ಸೂಕ್ಷ್ಮಾಣುಗಳಿಗೆ ಹೇಳಿ ಮಾಡಿಸಿದ ಜಾಗ. ಕುದಿತಕ್ಕೆ ಹೆಚ್ಚಿನ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಆದರೆ ಮಣ್ಣಿನಿಂದ ಬೇರಿನ ಜೊತೆ ಬಂದ ಕೆಲವು ಬಗೆಯ ಬೀಜಕಗಳು ಬದುಕಿ ಉಳಿದು, ಕಷಾಯ ತಣಿದ ಮೇಲೆ ಮೊಳೆಯುತ್ತವೆ. ಅಂದಂದಿಗೆ ಬೇಕಾದಷ್ಟೇ ಮಾಡಿಕೊಳ್ಳುವುದು ಮೇಲು; ಮಿಕ್ಕರೆ ಬೇಗ ತಣಿಸಿ ಫ್ರಿಜ್‌ನಲ್ಲಿಟ್ಟು ಮರುದಿನದೊಳಗೆ ಮುಗಿಸಬೇಕು. ತಣಿದಾಗ ತಳದಲ್ಲಿ ಕಾಣುವ ಮಸುಕು ಗಸಿ ಸಾಮಾನ್ಯವಾಗಿ ಬಿಸಿಯಲ್ಲಿ ಕರಗಿದ್ದು ತಂಪಿಗೆ ಬೇರ್ಪಟ್ಟದ್ದು, ಕೆಟ್ಟ ಲಕ್ಷಣವಲ್ಲ. ಹುಳಿ ವಾಸನೆ, ಮೇಲೆ ತೆಳು ಕೆನೆ, ಮುಚ್ಚಳ ತೆಗೆದಾಗ ಗುಳ್ಳೆ ಕಂಡರೆ ಚೆಲ್ಲಿಬಿಡಬೇಕು. ಮತ್ತೊಮ್ಮೆ ಕುದಿಸಿ ಸರಿಮಾಡುತ್ತೇನೆ ಎನ್ನುವಂತಿಲ್ಲ, ಏಕೆಂದರೆ ಬ್ಯಾಸಿಲಸ್ ಸೀರಿಯಸ್‌ನಂಥ ಬ್ಯಾಕ್ಟೀರಿಯಾ ಬಿಟ್ಟುಹೋಗುವ ವಾಂತಿಕಾರಕ ವಿಷ ಕುದಿಯುವ ನೀರಿಗೂ ಕೆಡುವುದಿಲ್ಲ.